ಮೂರು ಕಾರು, ಒಂದೇ ದಾರಿ

ಹಳೆಯ ಕಾರು ನೋಡಲು ಹೋದವರನ್ನು ಮಾರುವವರು ಸಾಮಾನ್ಯವಾಗಿ ತಮ್ಮ ಮನೆಯ ಸುತ್ತಲಿನ ಎರಡು ಬೀದಿಗಳಲ್ಲಿ ಒಂದು ಸುತ್ತು ಹಾಕಿಸಿ, ‘ಹೇಗಿದೆ ಸಾರ್ ಗಾಡಿ?’ ಎಂದು ಕೇಳುತ್ತಾರೆ. ಆ ಹತ್ತು ನಿಮಿಷಗಳಲ್ಲಿ ಮೂರನೆಯ ಗೇರಿಗೆ ಹೋಗುವುದೇ ಅಪರೂಪ. 2014ರ ಆಸುಪಾಸಿನ ಸ್ವಿಫ್ಟ್ ಡೀಸೆಲ್ ಕಾರೊಂದನ್ನು ಹುಡುಕಲು ಹೊರಟಾಗ ನಾನು ಕಾರಿಗಿಂತ ಮೊದಲು ದಾರಿಯನ್ನು ಗೊತ್ತುಮಾಡಿಕೊಂಡೆ. ಎಷ್ಟು ಕಾರು ನೋಡಿದರೂ ಎಲ್ಲವನ್ನೂ ಅದೇ ದಾರಿಯಲ್ಲಿ, ಅದೇ ಹೊತ್ತಿನಲ್ಲಿ ಓಡಿಸಬೇಕೆಂಬುದು ನನ್ನ ನಿಶ್ಚಯವಾಗಿತ್ತು. ಒಂದೇ ಕಾರನ್ನು ಓಡಿಸಿ ನೋಡಿದವರಿಗೆ ಆ ಮಾದರಿಯ ಹುಟ್ಟುಗುಣ ಯಾವುದು, ಆ ಒಂದು ಗಾಡಿಗೆ ಅಂಟಿಕೊಂಡ ರೋಗ ಯಾವುದು ಎಂಬುದು ತಿಳಿಯುವುದು ಬಹಳ ಕಷ್ಟ.

ನನ್ನ ದಾರಿ ಬೆಂಗಳೂರಿನ ಹನುಮಂತನಗರದ ಮೌಂಟ್ ಜಾಯ್ ರಸ್ತೆಯ ಏರಿನಿಂದ ಶುರುವಾಗಿ, ಬನಶಂಕರಿ ಬಸ್ ನಿಲ್ದಾಣ ಮತ್ತು ಸಾರಕ್ಕಿ ಸಿಗ್ನಲ್‌ಗಳ ದಟ್ಟಣೆಯನ್ನು ದಾಟಿ, ಕನಕಪುರ ರಸ್ತೆಯ ಮೂಲಕ ಟೋಲ್ ಕೊಟ್ಟು ಓಡಾಡುವ ನೈಸ್ ರಸ್ತೆಗೆ ಹತ್ತಿ ಬನ್ನೇರುಘಟ್ಟ ರಸ್ತೆಯಲ್ಲಿ ಇಳಿಯುತ್ತಿತ್ತು. ಏರು, ಗುಂಡಿ, ನಿಂತು ನಿಂತು ಸಾಗುವ ಸಂಚಾರ, ವೇಗದ ಓಟ ಎಲ್ಲವೂ ಇದರಲ್ಲಿವೆ. ಡೀಸೆಲ್ ಮತ್ತು ಟೋಲ್ ಖರ್ಚು ನನ್ನದು ಎಂದಾಗ ಮಾರುವವರು ಯಾರೂ ಬೇಡವೆನ್ನಲಿಲ್ಲ. ವಿಮೆ ಚಾಲ್ತಿಯಲ್ಲಿದೆಯೇ ಎಂದು ನೋಡಿಕೊಂಡ ಮೇಲೆಯೇ ಕೀಲಿ ತೆಗೆದುಕೊಳ್ಳುತ್ತಿದ್ದೆ. ಅಕ್ಕನ ಗಂಡನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡೆ, ಏಕೆಂದರೆ ಹಿಂಬದಿಯ ಸಸ್ಪೆನ್ಷನ್‌ನ ಸದ್ದು ಚಾಲಕನಿಗಿಂತ ಹಿಂದೆ ಕುಳಿತವರಿಗೆ ಚೆನ್ನಾಗಿ ಕೇಳಿಸುತ್ತದೆ.

ಮೊದಲ ಕಾರಿನ ಮನೆಗೆ ಬೆಳಿಗ್ಗೆ ಏಳಕ್ಕೆ ಹೋಗಿ ಬಾನೆಟ್ ಮೇಲೆ ಅಂಗೈ ಇಟ್ಟೆ, ಆಗಲೇ ಬೆಚ್ಚಗಿತ್ತು. ಎಂಜಿನ್ ತಣ್ಣಗಿದ್ದಾಗ ಕಾಣುವ ತೊಂದರೆಗಳು, ಅಂದರೆ ಸ್ಟಾರ್ಟ್ ಆಗಲು ಹಿಡಿಯುವ ಹೊತ್ತು, ಮೊದಲ ಹೊಗೆಯ ಬಣ್ಣ, ಆರಂಭದ ನಡುಕ ಇವೆಲ್ಲ ಒಮ್ಮೆ ಬಿಸಿಯಾದರೆ ಮರೆಯಾಗುತ್ತವೆ. ‘ನಾಳೆ ಬರುತ್ತೇನೆ, ನಾನು ಬರುವವರೆಗೆ ದಯವಿಟ್ಟು ಸ್ಟಾರ್ಟ್ ಮಾಡಬೇಡಿ’ ಎಂದು ಹೇಳಿ ವಾಪಸಾದೆ. ಮರುದಿನ ಅದೇ ಎಂಜಿನ್ ಮೂರನೆಯ ಪ್ರಯತ್ನಕ್ಕೆ ಹೊತ್ತಿಕೊಂಡು, ಒಂದು ನಿಮಿಷದವರೆಗೆ ಬಿಳಿ ಹೊಗೆ ಬಿಟ್ಟಿತು. ತಣ್ಣಗಿನ ಡೀಸೆಲ್ ಎಂಜಿನ್ನನ್ನು ಸ್ಟಾರ್ಟ್ ಮಾಡಲು ಒಳಗೆ ಕಾವು ಕೊಡುವ ಗ್ಲೋ ಪ್ಲಗ್‌ಗಳು ಸೋತಿರಬಹುದೆಂದು ಬರೆದುಕೊಂಡೆ. ಕೀಲಿ ತಿರುಗಿಸಿದಾಗ ಏರ್‌ಬ್ಯಾಗ್ ಮತ್ತು ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ದೀಪಗಳು ಹೊತ್ತಿ ಆರುತ್ತವೆಯೇ ಎಂಬುದನ್ನೂ ಗಮನಿಸಬೇಕು. ಹೊತ್ತದೇ ಇರುವ ದೀಪ ಆರದ ದೀಪದಷ್ಟೇ ಅನುಮಾನಾಸ್ಪದ.

ಮೌಂಟ್ ಜಾಯ್ ರಸ್ತೆಯ ಏರಿನಲ್ಲಿ ನಾನು ಮೊದಲು ಗಾಬರಿಪಟ್ಟೆ. ಎರಡನೆಯ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೂ ಕಾರು ಏದುಸಿರು ಬಿಡುವಂತೆ ಸಾಗಿ, ಸ್ವಲ್ಪ ಹೊತ್ತಿನ ಮೇಲೆ ಒಮ್ಮೆಲೇ ಮುನ್ನುಗ್ಗಿತು. ಕ್ಲಚ್ ಸವೆದಿದೆಯೆಂದೇ ಭಾವಿಸಿದ್ದೆ. ಆದರೆ ಎರಡನೆಯ ಕಾರೂ, ಮೂರನೆಯ ಕಾರೂ ಅದೇ ಜಾಗದಲ್ಲಿ ಹಾಗೆಯೇ ನಡೆದುಕೊಂಡವು. 1248 ಸಿಸಿಯ ಆ ಟರ್ಬೊ ಡೀಸೆಲ್ ಎಂಜಿನ್ ತನ್ನ ಪೂರ್ಣ ಎಳೆತವನ್ನು ಕೊಡುವುದು ಸುಮಾರು 2000 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಾಗ. ಅದಕ್ಕಿಂತ ಕೆಳಗೆ, ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಇನ್ನೂ ಎಚ್ಚೆತ್ತಿರುವುದಿಲ್ಲ. ಇದು ಹುಟ್ಟುಗುಣ, ದುರಸ್ತಿಯಿಂದ ಹೋಗುವಂಥದ್ದಲ್ಲ. ಕ್ಲಚ್ ಜಾರುವುದು ಬೇರೆಯೇ ರೀತಿ. ಟರ್ಬೊ ತಡವಾದಾಗ ಆರ್‌ಪಿಎಂ ಮುಳ್ಳೂ ವೇಗವೂ ಒಟ್ಟಿಗೇ ಸೋಮಾರಿಯಾಗಿರುತ್ತವೆ. ಕ್ಲಚ್ ಜಾರಿದಾಗ ಮುಳ್ಳು ಸರ್ರನೆ ಮೇಲೇರುತ್ತದೆ, ಕಾರಿನ ವೇಗ ಮಾತ್ರ ಇದ್ದಲ್ಲೇ ಇರುತ್ತದೆ. ಈ ವ್ಯತ್ಯಾಸ ತಿಳಿಯದೆ ಒಳ್ಳೆಯ ಕಾರನ್ನು ಬಿಟ್ಟವರೂ ಇದ್ದಾರೆ, ಕೆಟ್ಟ ಕ್ಲಚ್ಚನ್ನು ‘ಡೀಸೆಲ್ ಗಾಡಿ ಹಾಗೇ’ ಎಂಬ ಮಾತಿಗೆ ಒಪ್ಪಿ ಕೊಂಡವರೂ ಇದ್ದಾರೆ. ಎರಡನೆಯ ಕಾರು ಕನಕಪುರ ರಸ್ತೆಯಲ್ಲಿ ನಾಲ್ಕನೆಯ ಗೇರಿನಲ್ಲಿ ಮುಳ್ಳನ್ನು 2000 ದಾಟಿಸಿ ಪೂರ್ತಿ ಒತ್ತಿದಾಗ ನಿಜವಾಗಿಯೇ ಜಾರಿತು, ಸುಟ್ಟ ವಾಸನೆಯೂ ಬಂತು. ಅದನ್ನು ಅಲ್ಲಿಗೇ ಕೈಬಿಟ್ಟೆ.

ದಟ್ಟಣೆಯಲ್ಲಿ ಎಸಿ ಹಾಕಿಕೊಂಡು ಎಂಜಿನ್ನಿನ ತಾಪ ಏರುತ್ತದೆಯೇ ಎಂದಷ್ಟೇ ನೋಡಿದೆ. ಮೊದಲ ಮತ್ತು ಮೂರನೆಯ ಕಾರುಗಳೆರಡೂ ಇದರಲ್ಲಿ ತೇರ್ಗಡೆಯಾದವು. ಹಂಪ್‌ಗಳ ಮೇಲೆ ರೇಡಿಯೊ, ಎಸಿ ಎರಡನ್ನೂ ಆರಿಸಿ, ಕಾಂಪೌಂಡ್ ಗೋಡೆಯ ಪಕ್ಕದಲ್ಲಿ ಕಿಟಕಿ ಇಳಿಸಿ ನಿಧಾನವಾಗಿ ಸಾಗಿದೆ. ಚಕ್ರದ ಬಳಿಯ ಸದ್ದು ಗೋಡೆಗೆ ಬಡಿದು ಕಿವಿಗೆ ಸ್ಪಷ್ಟವಾಗಿ ಬರುತ್ತದೆ. ಮೂರನೆಯ ಕಾರು ಹಂಪ್ ಇಳಿಯುವಾಗ ಮುಂದಿನ ಎಡಭಾಗದಲ್ಲಿ ‘ಟಕ್’ ಎಂದಿತು. ಭಾವ ಹಿಂದಿನಿಂದ, ‘ಇಲ್ಲಿ ಏನೂ ಸದ್ದಿಲ್ಲ, ಮುಂದೆಯೇ ನೋಡು’ ಎಂದರು. ಖಾಲಿ ರಸ್ತೆಯೊಂದರಲ್ಲಿ ಸ್ಟೀರಿಂಗನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ ನಿಧಾನವಾಗಿ ಸುತ್ತು ಹೊಡೆದೆ. ಒಂದೇ ಸಮನೆ ‘ಕಟಕಟ’ ಬಂದರೆ ಚಕ್ರ ತಿರುವಿದಾಗಲೂ ಎಂಜಿನ್ನಿನ ಬಲವನ್ನು ಅದಕ್ಕೆ ಮುಟ್ಟಿಸುವ, ಆಕ್ಸಲ್‌ನ ಸಿವಿ ಜಾಯಿಂಟ್ ಸವೆದಿದೆ ಎಂದು ತಿಳಿಯಬೇಕು. ಅಂಥ ಸದ್ದು ಬರಲಿಲ್ಲ. ತಿರುವು ಮುಗಿಸಿ ಹಿಡಿತ ಸಡಿಲಿಸಿದಾಗ ಸ್ಟೀರಿಂಗ್ ತಾನಾಗಿ ನೇರಕ್ಕೆ ಬಂತು.

ನೈಸ್ ರಸ್ತೆಯಲ್ಲಿ ಮೊದಲ ಕಾರು ಎಡಕ್ಕೆ ಎಳೆಯುತ್ತಿತ್ತು. ಇಲ್ಲಿ ಅವಸರಪಡಬಾರದು. ಮಳೆನೀರು ಹರಿದುಹೋಗಲೆಂದು ರಸ್ತೆಗಳನ್ನು ಅಂಚಿನ ಕಡೆಗೆ ಸ್ವಲ್ಪ ಇಳಿಜಾರಾಗಿ ಕಟ್ಟಿರುವುದರಿಂದ ಸರಿಯಾಗಿರುವ ಕಾರೂ ಎಡಕ್ಕೆ ತುಸು ಸರಿಯುತ್ತದೆ. ಲೇನ್ ಬದಲಿಸಿದೆ, ಆದರೂ ಎಳೆತ ನಿಲ್ಲಲಿಲ್ಲ. ಹಿಂದೆ ಯಾವ ವಾಹನವೂ ಇಲ್ಲದಾಗ ಗಂಟೆಗೆ 60 ಕಿಲೋಮೀಟರ್ ವೇಗದಿಂದ ಬ್ರೇಕ್ ಒತ್ತಿದರೆ ಎಳೆತ ಇಮ್ಮಡಿಯಾಯಿತು. ರಸ್ತೆಯಿಂದ ಇಳಿದು ನಿಲ್ಲಿಸಿ ಮುಂದಿನ ಚಕ್ರಗಳ ಹತ್ತಿರ ಅಂಗೈ ಹಿಡಿದೆ, ರಿಮ್ಮಿಗೆ ತಾಗಿಸಲಿಲ್ಲ. ಬಲಗಡೆಯದು ಬೆಚ್ಚಗಿತ್ತು, ಎಡಗಡೆಯದರಿಂದ ಒಲೆಯ ಮುಂದೆ ಕುಳಿತಂತೆ ಕಾವು ಬರುತ್ತಿತ್ತು. ಎಡಗಡೆಯ ಕ್ಯಾಲಿಪರ್ (ಬ್ರೇಕ್ ಡಿಸ್ಕನ್ನು ಅದುಮುವ ಭಾಗ) ಹಿಡಿದುಕೊಂಡು ಬ್ರೇಕ್ ಪೂರ್ತಿ ಬಿಡುತ್ತಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಮಾರುವವರು ‘ಅಲೈನ್‌ಮೆಂಟ್ ಮಾಡಿಸಿದರೆ ಸರಿಹೋಗುತ್ತದೆ ಸಾರ್’ ಎಂದರು. ಅವರನ್ನೂ ಕರೆದು ಚಕ್ರದ ಹತ್ತಿರ ಅಂಗೈ ಹಿಡಿದು ನೋಡಲು ಹೇಳಿದೆ. ಅವರಿಗೂ ಅದು ಗೊತ್ತಿದ್ದಂತಿರಲಿಲ್ಲ.

ಮೂರನೆಯ ಕಾರು ನೇರವಾಗಿ ಓಡಿತು. 80ರ ವೇಗದಲ್ಲಿ ಸ್ಟೀರಿಂಗ್ ಸಣ್ಣಗೆ ನಡುಗಿತು, 90ಕ್ಕೆ ನಿಂತುಹೋಯಿತು. ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಬರುವ ನಡುಕ ಹೆಚ್ಚಾಗಿ ವೀಲ್ ಬ್ಯಾಲೆನ್ಸಿಂಗ್‌ನದು, ಅಂದರೆ ಚಕ್ರದ ಸುತ್ತಲಿನ ತೂಕ ಸಮವಾಗಿಲ್ಲದ್ದರಿಂದ ಬರುವಂಥದ್ದು. ಬ್ರೇಕ್ ಒತ್ತಿದಾಗ ಪೆಡಲ್ ಕಾಲಿಗೆ ಮಿಡಿಯುತ್ತಿದ್ದರೆ ಡಿಸ್ಕ್ ಅನ್ನು ಅನುಮಾನಿಸುತ್ತಿದ್ದೆ. ಇಲ್ಲಿ ಪೆಡಲ್ ಸ್ಥಿರವಾಗಿತ್ತು. ನಿಂತಾಗ ಗೇರ್ ಲಿವರ್ ನಡುಗುತ್ತಿದ್ದುದು ಮೂರೂ ಕಾರುಗಳಲ್ಲಿ ಒಂದೇ ಸಮನಾಗಿದ್ದರಿಂದ ಅದನ್ನು ಹುಟ್ಟುಗುಣದ ಸಾಲಿಗೆ ಸೇರಿಸಿದೆ.

ಬರೆದುಕೊಂಡದ್ದನ್ನೆಲ್ಲ ನಮ್ಮ ಬಡಾವಣೆಯ ಮೆಕ್ಯಾನಿಕ್‌ಗೆ ತೋರಿಸಿ, ಅದೇ ಮೂರನೆಯ ಕಾರನ್ನು ಜಾಕ್ ಮೇಲೆ ಎತ್ತಿಸಿದೆ. ಮುಂದಿನ ಎಡಚಕ್ರವನ್ನು ಕಾರಿನ ತಳಕ್ಕೆ ಜೋಡಿಸುವ ಲೋವರ್ ಆರ್ಮ್‌ನ ರಬ್ಬರ್ ಬುಶ್ ಹರಿದಿತ್ತು. ಅದರ ಖರ್ಚನ್ನು ಬೆಲೆಯಲ್ಲಿ ಕಳೆಯಲು ಮಾರುವವರು ತಕರಾರಿಲ್ಲದೆ ಒಪ್ಪಿದರು. ಆರ್‌ಸಿ (ನೋಂದಣಿ ಪತ್ರ) ನನ್ನ ಹೆಸರಿಗೆ ಆದ ಮೇಲೆ ಬುಶ್ ಬದಲಾಯಿಸಿ, ಬ್ಯಾಲೆನ್ಸಿಂಗ್ ಮಾಡಿಸಿ, ಭಾವನನ್ನು ಮತ್ತೆ ಹಿಂದೆ ಕೂರಿಸಿಕೊಂಡು ಅದೇ ದಾರಿಯಲ್ಲಿ ಹೋದೆ. ಹಂಪ್ ಮೇಲೆ ‘ಟಕ್’ ಇರಲಿಲ್ಲ, 80ರಲ್ಲಿ ಸ್ಟೀರಿಂಗ್ ಸುಮ್ಮನಿತ್ತು. ಮೌಂಟ್ ಜಾಯ್ ಏರಿನಲ್ಲಿ ಮಾತ್ರ ಅದು ಮೊದಲಿನಂತೆಯೇ ಕ್ಷಣಕಾಲ ತಡೆದು ಮುನ್ನುಗ್ಗಿತು. ಈಗ ಅಲ್ಲಿ ಮೊದಲೇ ಒಂದನೆಯ ಗೇರಿಗೆ ಇಳಿಸಿಕೊಳ್ಳುತ್ತೇನೆ.