ಹಳೆಯ ಜೀಪಿಗೆ ಸೀಟ್ ಬೆಲ್ಟ್: ಬೋಲ್ಟ್ ಎಲ್ಲಿ ಕಚ್ಚಬೇಕು?

ಹಳೆಯ ಜೀಪಿಗೆ ಬೆಲ್ಟ್ ಹಾಕಿಸುವವರು ಮೊದಲು ಕೇಳುವುದು ಯಾವ ಬೆಲ್ಟ್ ತರಲಿ ಅಂತ. ನಾನು ಮೊದಲು ಗಾಡಿಯ ಅಡಿಗೆ ನುಗ್ಗಿ ತಗಡು ನೋಡುತ್ತೇನೆ. ಕಾರಿನಲ್ಲಿ ಬೆಲ್ಟ್ ಕಟ್ಟುವ ಜಾಗಗಳನ್ನು ಪರೀಕ್ಷಿಸುವಾಗ ಎದೆಪಟ್ಟಿ, ಸೊಂಟಪಟ್ಟಿ ಎರಡನ್ನೂ ಒಟ್ಟಿಗೆ ತಲಾ 13.5 ಕಿಲೋನ್ಯೂಟನ್ ಬಲದಲ್ಲಿ ಎಳೆಯುತ್ತಾರೆ. ಒಂದೊಂದಕ್ಕೂ 1,300 ಕಿಲೋಗಿಂತ ಹೆಚ್ಚು ಭಾರ ನೇತುಹಾಕಿದ ಲೆಕ್ಕ. ತೆಳು ತಗಡಿಗೆ ಬರೀ ವಾಷರ್ ಇಟ್ಟು ಬಿಗಿದರೆ, ಸವೆದ ಅಂಗಿಯ ಗುಂಡಿ ಬಟ್ಟೆ ಸಮೇತ ಬರುವಂತೆ ಬೋಲ್ಟ್ ಕಿತ್ತು ಬರುತ್ತದೆ.

ಸುತ್ತಿಗೆಯಿಂದ ತಟ್ಟಿ, ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ತುಕ್ಕು ಹಿಡಿದ ಭಾಗ ಕತ್ತರಿಸಿ ಹೊಸ ಉಕ್ಕು ಬೆಸೆಯಿರಿ, ಬಣ್ಣ ಬಳಿದು ಮುಚ್ಚಬೇಡಿ. ಗಟ್ಟಿ ತಗಡಾದರೂ ಅಡಿಯಿಂದ ಕನಿಷ್ಠ 3 ಮಿ.ಮೀ. ದಪ್ಪ, 75 x 50 ಮಿ.ಮೀ. ಅಗಲದ ಉಕ್ಕಿನ ಪ್ಲೇಟ್ ಇರಲಿ. ಅದರ ಮೂಲೆಗಳನ್ನು ಉರುಟು ಮಾಡಿ, ಚೂಪು ಮೂಲೆ ತಗಡನ್ನು ಸೀಳುತ್ತದೆ. ಹಳೆಯ ಸೀರೀಸ್ ಲ್ಯಾಂಡ್ ರೋವರ್ ಗಾಡಿಯಂಥ ಅಲ್ಯೂಮಿನಿಯಂ ಬಾಡಿಯನ್ನು ಪ್ಲೇಟಿದ್ದರೂ ನಾನು ನಂಬುವುದಿಲ್ಲ. ಅಲ್ಲಿ ಚಾಸಿಯಿಂದಲೇ, ಅಂದರೆ ಗಾಡಿಯ ಅಡಿಯ ಉಕ್ಕಿನ ಚೌಕಟ್ಟಿನಿಂದಲೇ, ಬ್ರ್ಯಾಕೆಟ್ ತರಬೇಕು.

ಡ್ರಿಲ್ ಹಿಡಿಯುವ ಮುನ್ನ ಇಂಧನದ ಟ್ಯಾಂಕ್ ಎಲ್ಲಿದೆ ಅಂತ ಖಚಿತ ಮಾಡಿಕೊಳ್ಳಿ. ವಿಲ್ಲಿಸ್ ಜೀಪಿನಲ್ಲಿ ಅದು ಚಾಲಕನ ಸೀಟಿನ ಕೆಳಗೇ ಇದೆ. ಬೆಸುಗೆ ಇದ್ದರೆ ಟ್ಯಾಂಕ್ ಬಿಚ್ಚಿ ದೂರ ಇಡಿ. ಖಾಲಿ ಟ್ಯಾಂಕಿನ ಆವಿಯೂ ಸಿಡಿಯುತ್ತದೆ. ಬ್ರೇಕ್ ಪೈಪು, ವೈರುಗಳನ್ನೂ ನೋಡಿ.

ಬೋಲ್ಟ್ ಬೆಲ್ಟಿನ ಜೊತೆ ಬಂದದ್ದೇ ಆಗಬೇಕು. ಹೆಚ್ಚಿನವು 7/16 ಇಂಚಿನವು, ಇಂಚಿಗೆ 20 ಥ್ರೆಡ್. ಡಬ್ಬಿಯಲ್ಲಿ ಬಿದ್ದಿದ್ದ ಬೋಲ್ಟ್ ಖಂಡಿತ ಬೇಡ. ಬಿಗಿದ ಮೇಲೂ ಬೆಲ್ಟಿನ ತುದಿಯ ಲೋಹದ ಪಟ್ಟಿ ಬೋಲ್ಟಿನ ಸುತ್ತ ಸಲೀಸಾಗಿ ತಿರುಗಬೇಕು, ಇಲ್ಲವಾದರೆ ಎಳೆತ ಅಡ್ಡಕ್ಕೆ ಬೀಳುತ್ತದೆ.

ಇನ್ನು ಪಟ್ಟಿ ಮೈಮೇಲೆ ಕೂರುವ ಜಾಗ. ಸೊಂಟದ ಪಟ್ಟಿ ಸೊಂಟದ ಮೂಳೆ ಹಿಡಿಯಬೇಕು, ಹೊಟ್ಟೆಯನ್ನಲ್ಲ. ಅದಕ್ಕೇ ಬೆಲ್ಟ್ ಕಟ್ಟುವ ಕೆಳಗಿನ ಬಿಂದುಗಳಿಂದ ಪಟ್ಟಿ 45ರಿಂದ 65 ಡಿಗ್ರಿಯಲ್ಲಿ ಮೇಲೇರುವಂತೆ ಇಡುತ್ತೇನೆ. ಎದೆಪಟ್ಟಿ ಕಟ್ಟುವ ಮೇಲಿನ ಬಿಂದು ಭುಜದ ಮಟ್ಟದಲ್ಲಿ ಅಥವಾ ತುಸು ಮೇಲೆ. ಕೆಳಗಿದ್ದರೆ ಅಪಘಾತದಲ್ಲಿ ಪಟ್ಟಿ ಬೆನ್ನುಮೂಳೆಯನ್ನು ಕೆಳಕ್ಕೆ ಅದುಮುತ್ತದೆ. ಸೀಟನ್ನು ಪೂರ್ತಿ ಹಿಂದೆ, ಪೂರ್ತಿ ಮುಂದೆ ಸರಿಸಿ, ಆ ಗಾಡಿ ಓಡಿಸುವವರನ್ನೇ ಕೂರಿಸಿ ಅಳೆಯಿರಿ.

ಕ್ಯಾನ್ವಾಸ್ ಟಾಪಿನ ಗಾಡಿಗೆ ಈ ಮೇಲಿನ ಬಿಂದು ಕೂರಿಸಲು ಪಕ್ಕದ ಕಂಬವೇ ಇರುವುದಿಲ್ಲ. ಟಾರ್ಪಾಲು ಹೊರುವ ತೆಳು ಕೊಳವೆಗೆ ಎದೆಪಟ್ಟಿ ಕಟ್ಟಲೇಬಾರದು. ಚಾಸಿಗೆ ಭದ್ರವಾಗಿ ಕೂತ ರೋಲ್ ಬಾರ್ (ಗಾಡಿ ಮಗುಚಿದರೆ ತಲೆ ಕಾಯುವ ದಪ್ಪ ಕೊಳವೆಯ ಕಮಾನು) ಬೇಕು, ತಲೆ ತಾಗುವ ಕಡೆ ಗಟ್ಟಿ ಪ್ಯಾಡಿಂಗ್ ಬೇಕು. ರೋಲ್ ಬಾರ್ ಇಲ್ಲದೆ ರೇಸಿನ ನಾಲ್ಕು ಬಿಂದುವಿನ ಹಾರ್ನೆಸ್ ಹಾಕಬೇಡಿ: ಗಾಡಿ ಮಗುಚಿದಾಗ ಬಗ್ಗಲೂ ಆಗದಂತೆ ಅದು ನಿಮ್ಮನ್ನು ನೆಟ್ಟಗೆ ಹಿಡಿದಿಡುತ್ತದೆ.

ತಾನಾಗಿ ಸುತ್ತಿಕೊಳ್ಳುವ ರೀಲ್ ಬೆಲ್ಟ್ ಕಾಡುದಾರಿಗೆ ಹಿತ, ಆದರೆ ಅದರ ರೀಲು ತಯಾರಕರು ಹೇಳಿದ ಕೋನದಲ್ಲೇ ಕೂರಬೇಕು. ಒಳಗಿನ ಸೆನ್ಸರ್ ವಾಲಿಕೆ ಕಂಡರೆ ಲಾಕ್ ಮಾಡುತ್ತದೆ. ಓರೆಯಾಗಿ ಕೂರಿಸಿದರೆ ಸಣ್ಣ ಏರಿನಲ್ಲೂ ಪಟ್ಟಿ ಹೊರಬರದು, ಜನ ಬೇಸತ್ತು ಹಾಕುವುದನ್ನೇ ಬಿಡುತ್ತಾರೆ. ಸಮತಟ್ಟಿನಲ್ಲಿ ಮೆಲ್ಲಗೆ ಎಳೆದರೆ ಬರಬೇಕು, ಝಾಡಿಸಿದರೆ ಹಿಡಿಯಬೇಕು.

ಗುಜರಿಯ ಬೆಲ್ಟ್ ಎಷ್ಟೇ ಹೊಸದಾಗಿ ಕಂಡರೂ ಬೇಡ. ಒಮ್ಮೆ ಅಪಘಾತದ ಎಳೆತ ತಿಂದ ಪಟ್ಟಿಯ ನೂಲು ಹಿಗ್ಗಿರುತ್ತದೆ, ಅದು ಕಣ್ಣಿಗೆ ಕಾಣದು. ಹಾಕಿದ ಮೇಲೆ ಮೊದಲ ಒರಟು ದಾರಿಯ ಓಟ ಮುಗಿಸಿ ಎಲ್ಲ ಬೋಲ್ಟ್‌ಗಳನ್ನೂ ತಯಾರಕರು ಕೊಟ್ಟ ಅಳತೆಗೆ, ಬಿಗಿತ ಅಳೆಯುವ ಟಾರ್ಕ್ ವ್ರೆಂಚ್‌ನಲ್ಲಿ ಮತ್ತೆ ನೋಡಿ.