ಕೆರೆಯ ಏರಿ ಸೋರಿದರೆ ಮೊದಲು ನೀರಿನ ಬಣ್ಣ ನೋಡಿ

ಕೆರೆ ತುಂಬಿದಾಗ ಏರಿಯ ಹಿಂಬದಿ ಬುಡದಲ್ಲಿ ನೀರು ಜಿನುಗುವುದು ಸಹಜ. ಮಣ್ಣಿನ ಏರಿ ಅಷ್ಟಿಷ್ಟು ಸೋರಿಯೇ ಸೋರುತ್ತದೆ. ನಾನು ಮೊದಲು ನೋಡುವುದು ಆ ನೀರು ತಿಳಿಯೋ ಕದಡೋ ಎಂದು. ಗಾಜಿನ ಬಾಟಲಿಯಲ್ಲಿ ಹಿಡಿದು ಅರ್ಧ ಗಂಟೆ ಅಲುಗಾಡಿಸದೆ ಇಡಿ. ನೀರು ತಿಳಿಯಾಗಿದ್ದು ತಳದಲ್ಲಿ ಮಣ್ಣು ಕೂರದಿದ್ದರೆ ಸದ್ಯಕ್ಕೆ ನಿಗಾ ಸಾಕು. ಹತ್ತು ಲೀಟರ್ ಬಕೆಟ್ ತುಂಬಲು ಎಷ್ಟು ಸೆಕೆಂಡು ಹಿಡಿಯಿತೆಂದು ಬೆಳಿಗ್ಗೆ, ಸಂಜೆ ಬರೆದಿಡಿ. ಕೆರೆಯ ಮಟ್ಟ ಏರದಿದ್ದರೂ ಬಕೆಟ್ ಬೇಗ ಬೇಗ ತುಂಬತೊಡಗಿದರೆ, ಇಲ್ಲವೇ ಬಾಟಲಿಯ ನೀರು ಕದಡಿಯೇ ಇದ್ದರೆ ಅಥವಾ ತಳದಲ್ಲಿ ಮಣ್ಣು ಕೂತರೆ, ನೀರು ಏರಿಯ ಒಳಗೆ ದಾರಿ ಕೊರೆಯುತ್ತಿದೆ ಎಂದೇ ತಿಳಿಯಿರಿ. ಇದು ಹೆಚ್ಚಾಗಿ ಹಳೇ ತೂಬಿನ (ಕೆರೆಯ ನೀರು ಬಿಡುವ ಕಿಂಡಿಯ) ಮಗ್ಗುಲಲ್ಲಿ, ಹೆಗ್ಗಣದ ಬಿಲದಲ್ಲಿ, ಕಡಿದ ಮರದ ಬೇರು ಕೊಳೆತ ಜಾಗದಲ್ಲಿ ಶುರುವಾಗುತ್ತದೆ.

ಆಗ ಊರಿನವರು ಗಾಬರಿಯಿಂದ ಜೇಡಿಮಣ್ಣು ಸುರಿದು ತೂತಿನ ಬಾಯಿ ಮುಚ್ಚಲು ಹೋಗುತ್ತಾರೆ. ದಯವಿಟ್ಟು ಬೇಡ. ಒಳಗಿನ ಒತ್ತಡ ಹಾಗೇ ಉಳಿದು, ನೀರು ಪಕ್ಕದಲ್ಲಿ ಇನ್ನಷ್ಟು ಜೋರಾಗಿ ಒಡೆದು ಬರುತ್ತದೆ. ನೀರನ್ನು ಹೋಗಲು ಬಿಟ್ಟು ಮಣ್ಣನ್ನು ಮಾತ್ರ ತಡೆಯಬೇಕು. ಸೋರುವ ಜಾಗ ಮತ್ತು ಅದರ ಸುತ್ತ ಒಂದು ಮೀಟರ್‌ವರೆಗೆ ಅರ್ಧ ಅಡಿ ಎತ್ತರಕ್ಕೆ ಒರಟು ಮರಳು, ಅದರ ಮೇಲೆ ಅರ್ಧ ಅಡಿ ಸಣ್ಣ ಜಲ್ಲಿ, ಮತ್ತೆ ಅರ್ಧ ಅಡಿ 20–40 ಮಿ.ಮೀ. ಜಲ್ಲಿ, ಕೊನೆಗೆ ಭಾರಕ್ಕೆ ದಪ್ಪ ಕಲ್ಲು ಹಾಕಿ. ಈ ಕ್ರಮ ತಲೆಕೆಳಗಾದರೆ ಶ್ರಮವೆಲ್ಲ ವ್ಯರ್ಥ: ಕಲ್ಲಿನ ಸಂದಿಯಲ್ಲಿ ಏರಿಯ ಮಣ್ಣು ಸಲೀಸಾಗಿ ಹರಿದು ಹೋಗುತ್ತದೆ. ಬುಡದಾಚೆ ನೆಲದಿಂದ ಮರಳು ಕುದಿಯುವಂತೆ ಉಕ್ಕುತ್ತಿದ್ದರೆ ಸುತ್ತ ಮರಳುಚೀಲದ ಬಳೆ ಕಟ್ಟಿ. ಚೀಲ ಮುಕ್ಕಾಲು ಭಾಗಕ್ಕಿಂತ ಹೆಚ್ಚು ತುಂಬಬೇಡಿ, ಬಿಗಿಯಾಗಿ ತುಂಬಿದ್ದು ಒಂದರ ಮೇಲೊಂದು ಕೂರುವುದಿಲ್ಲ. ಬರುವ ನೀರು ತಿಳಿಯಾಗುವಷ್ಟೇ ಎತ್ತರ ಕಟ್ಟಿ, ಅದು ಹೊರಹರಿಯಲು ಒಂದು ಕಡೆ ದಾರಿ ಬಿಡಿ.

ಜೊತೆಯಲ್ಲೇ ತೂಬು ಎತ್ತಿ ಮಟ್ಟ ಇಳಿಸಬೇಕು. ಆದರೆ ತೂಬಿನ ಮಗ್ಗುಲಲ್ಲೇ ಸೋರುತ್ತಿದ್ದರೆ ಅದನ್ನು ಮುಟ್ಟದೆ ಪಂಪು, ಸೈಫನ್ ಪೈಪು ಬಳಸಿ. ಸೋರಿಕೆ ಹತೋಟಿಯಲ್ಲಿದ್ದರೆ ದಿನಕ್ಕೆ ಒಂದು ಅಡಿಗಿಂತ ಹೆಚ್ಚು ಇಳಿಸದಿರುವುದು ನನ್ನ ಲೆಕ್ಕ. ಒಮ್ಮೆಲೇ ಇಳಿಸಿದರೆ ಏರಿಯ ನೀರಿನ ಕಡೆಯ ನೆನೆದ ಒಳಮೈ ಜಾರಿ ಬೀಳುತ್ತದೆ. ಮಣ್ಣು ಕೊಚ್ಚಿ ಬರುವುದು ನಿಲ್ಲದಿದ್ದರೆ ತಹಶೀಲ್ದಾರರಿಗೂ ಕೆಳಗಿನ ಊರುಗಳಿಗೂ ತಕ್ಷಣ ತಿಳಿಸಿ, ಏರಿಯ ಮೇಲೆ ಜನ, ಟ್ರ್ಯಾಕ್ಟರ್ ನಿಲ್ಲಗೊಡಬೇಡಿ.

ಕೋಡಿಯ, ಅಂದರೆ ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಹೊರಹರಿಯುವ ಕಟ್ಟೆಯ, ವಿಷಯದಲ್ಲಿ ನನಗೆ ರಾಜಿಯಿಲ್ಲ. ಇನ್ನೊಂದಿಷ್ಟು ನೀರು ನಿಲ್ಲಲೆಂದು ಅದರ ಮೇಲೆ ಚೀಲ ಪೇರಿಸುವುದು, ಮೀನು ಹೋಗದಿರಲೆಂದು ಬಲೆ ಕಟ್ಟುವುದು ಎಷ್ಟೋ ಕಡೆ ನಡೆಯುತ್ತಿದೆ. ಹತ್ತು ಮೀಟರ್ ಉದ್ದದ ಕೋಡಿಯ ಮೇಲೆ 30 ಸೆಂ.ಮೀ. ನೀರು ಹರಿದರೆ ಸೆಕೆಂಡಿಗೆ ಸುಮಾರು 2,800 ಲೀಟರ್, 60 ಸೆಂ.ಮೀ. ಹರಿದರೆ ಸುಮಾರು 7,900 ಲೀಟರ್ ಹೊರಹೋಗುತ್ತದೆ. 30 ಸೆಂ.ಮೀ. ಚೀಲ ಪೇರಿಸಿದರೆ ಅಷ್ಟೇ ನೀರು ಹೊರಹಾಕಲು ಕೆರೆ ಇನ್ನೂ 30 ಸೆಂ.ಮೀ. ಏರಬೇಕು. ಏರಿ ಒಂದು ಕಡೆ ತಗ್ಗಾಗಿದ್ದರೆ ನೀರು ಅಲ್ಲೇ ದಾಟುತ್ತದೆ, ದಾಟಿದ ನೀರು ಹಿಂಬದಿಯನ್ನು ಕೊರೆದು ಏರಿಯನ್ನೇ ಒಯ್ಯುತ್ತದೆ. ಬಲೆಗೆ ಜೊಂಡು, ಅಂತರಗಂಗೆ ಸಿಕ್ಕಿಕೊಂಡಾಗ ಆಗುವುದೂ ಇದೇ. ಒಂದು ಕೆರೆ ಒಡೆದ ನೀರು ಕೆಳಗಿನ ಕೆರೆಗೆ ಬಂದು ಬೀಳುತ್ತದೆ. ಆ ಪ್ರವಾಹಕ್ಕೆ ಯಾವ ಕೋಡಿಯೂ ಸಾಲದು.

ಬೇಸಿಗೆಯ ರಿಪೇರಿ ನೀರು ಬತ್ತಿದ ಮೇಲೆ. ಬಿಲದ ಬಾಯಿಗೆ ಮಣ್ಣು ತುರುಕಿದರೆ ಪ್ರಯೋಜನವಿಲ್ಲ, ಕೊನೆ ಸಿಗುವವರೆಗೂ ಅಗೆದು ಬಿಡಿಸಿ. ಆಮೇಲೆ ಅರ್ಧ ಅಡಿ ಪದರದಲ್ಲಿ ಮಣ್ಣು ಹಾಕಿ ದಮ್ಮಸು ಮಾಡುತ್ತಾ (ಬಡಿದು ಗಟ್ಟಿ ಮಾಡುತ್ತಾ) ಬನ್ನಿ. ಹದದ ಮಣ್ಣು ಮುಷ್ಟಿಯಲ್ಲಿ ಹಿಸುಕಿದರೆ ಉಂಡೆ ನಿಲ್ಲಬೇಕು, ಕೈಗೆ ನೀರು ಹತ್ತಬಾರದು. ಕೆರೆಯ ಹೂಳನ್ನು ಏರಿಗೆ ಹಾಕಬೇಡಿ, ಒಣಗಿದಾಗ ಬಿರುಕು ಬಿಡುತ್ತದೆ. ಅದು ಹೊಲಕ್ಕೆ ಹೋಗಲಿ. ಹೂಳೆತ್ತುವಾಗಲೂ ಒಳಬುಡದಿಂದ ಹತ್ತು ಮೀಟರ್‌ವರೆಗೆ ನಾನು ಜೆಸಿಬಿ ಬಿಡುವುದಿಲ್ಲ. ಏರಿಯ ಮೇಲಿನ ಜಾಲಿಯನ್ನು ಗಿಡವಾಗಿದ್ದಾಗಲೇ ಬೇರುಸಮೇತ ಕೀಳಿಸಿ, ಆ ಗುಂಡಿಯನ್ನೂ ಹೀಗೇ ಪದರ ಪದರವಾಗಿ ತುಂಬಿಸಿ.