ಹಳೇ ಕಾರಿನ ಬೀಡಿಂಗ್ ತೆಗೆದ ಮೇಲೆ ತೂತು ಮುಚ್ಚುವುದು ಹೇಗೆ?

ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್‌ನಂಥ ಕಾರುಗಳ ಬಾಗಿಲಿಗೆ ಹಿಂದಿನ ಮಾಲೀಕರು ಯಾವುದೋ ಅಂಗಡಿಯಲ್ಲಿ ಬೀಡಿಂಗ್ (ಅಲಂಕಾರದ ಉದ್ದ ಪಟ್ಟಿ) ಕೂರಿಸಿ, ಸಾಲಾಗಿ ತೂತು ಕೊರೆಸಿರುತ್ತಾರೆ. ಅದನ್ನು ಕಿತ್ತು, ತೂತಿಗೆ ಪುಟ್ಟಿ ಮೆತ್ತಿ, ಪೇಂಟ್ ಹೊಡೆದು ಕೊಡುವ ಗ್ಯಾರೇಜುಗಳು ಬೇಕಾದಷ್ಟಿವೆ. ಒಂದು ಮಳೆಗಾಲ ಕಳೆಯಲಿ, ತೂತಿದ್ದ ಕಡೆಯೆಲ್ಲ ಗುಳ್ಳೆ ಏಳುತ್ತದೆ. ಗ್ಲಾಸಿನ ಸಂದಿಯಿಂದ ಬಾಗಿಲೊಳಗೆ ನೀರು ಇಳಿಯುತ್ತಲೇ ಇರುತ್ತದೆ ಅಲ್ವಾ? ಪುಟ್ಟಿ ಆ ತೇವವನ್ನು ಹಿಂದಿನಿಂದ ಹೀರುತ್ತದೆ. ತಗಡಿನ ತೂತಿಗೆ ತಗಡೇ ಬೇಕು.

ಬೀಡಿಂಗ್ ತೆಗೆಯುವುದು ಸುಲಭ. ಬಾಗಿಲಿನ ಒಳಹೊದಿಕೆಯಾದ ಡೋರ್ ಪ್ಯಾಡ್ ಬಿಚ್ಚಿ, ನಟ್ ಇದ್ದರೆ ಸಡಿಲಿಸಿ, ಕ್ಲಿಪ್ ಇದ್ದರೆ ಒಳಗಿನಿಂದ ಒತ್ತಿ. ಹೊರಗಿನಿಂದ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ತಗಡು ನೆಗ್ಗುತ್ತದೆ. ಅಂಟಿಸಿದ ಲಾಂಛನವಾದರೆ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ಹಿಂದೆ ನೈಲಾನ್ ದಾರ ಎಳೆದರೆ ಸಾಕು. ಕಂಪನಿಯದೇ ಕ್ರೋಮ್ ಪಟ್ಟಿಯಾದರೆ ಎಸೆಯಬೇಡಿ, ಅದರ ತೂತನ್ನೂ ಮುಚ್ಚಬೇಡಿ. ಮತ್ತೆ ಹಾಕಿದರೇ ಕಾರಿಗೆ ಚೆಂದ.

ಎಲ್ಲರೂ ಎಡವುವುದು ವೆಲ್ಡಿಂಗ್‌ನಲ್ಲಿ. ಮೊದಲು ಬ್ಯಾಟರಿ ಸಂಪರ್ಕ ತೆಗೆಯಿರಿ. ಸೀಟು, ರಬ್ಬರು, ವೈರು ದೂರವಿರಲಿ. ಪಕ್ಕದಲ್ಲೇ ಬೆಂಕಿ ಆರಿಸುವ ಸಿಲಿಂಡರ್ ಇರಲಿ. ತೂತಿನ ಸುತ್ತ ಒಂದಿಂಚು ಪೇಂಟು, ತುಕ್ಕು ಎಲ್ಲ ಉಜ್ಜಿ ತಗಡು ಹೊಳೆಯುವಂತೆ ಮಾಡಿ. ಒಳಬದಿಯನ್ನೂ ಬಿಡಬೇಡಿ. ಆಮೇಲೆ ಗುಂಡು ತಲೆಯ ಸುತ್ತಿಗೆಯಿಂದ ತೂತಿನ ಅಂಚನ್ನು ಸ್ವಲ್ಪವೇ ಒಳಕ್ಕೆ ತಗ್ಗಿಸಿ. ಆಗ ಉಬ್ಬಿದ ವೆಲ್ಡನ್ನು ಜಾಸ್ತಿ ಉಜ್ಜಬೇಕಾಗುವುದಿಲ್ಲ.

ಸಣ್ಣ ತೂತಾದರೆ ಹಿಂದೆ ದಪ್ಪ ತಾಮ್ರದ ತುಂಡು ಒತ್ತಿ ಹಿಡಿಯಿರಿ. ತಾಮ್ರಕ್ಕೆ ವೆಲ್ಡ್ ಅಂಟುವುದಿಲ್ಲ, ಬಿಸಿಯನ್ನೂ ಅದು ಎಳೆದುಕೊಳ್ಳುತ್ತದೆ. ತಂತಿಯನ್ನು ತಾನೇ ಒದಗಿಸುತ್ತ ಬೆಸೆಯುವ ಮಿಗ್ ವೆಲ್ಡರ್‌ನಲ್ಲಿ 0.6 ಮಿ.ಮೀ. ತಂತಿ ಹಾಕಿ, ಒಂದೇ ಒಂದು ಚುಕ್ಕಿ ಇಟ್ಟು ನಿಲ್ಲಿಸಿ. ಮುಂದಿನ ಚುಕ್ಕಿ ದೂರದ ತೂತಿಗೆ. ಮುಟ್ಟಿದರೆ ಕೈ ಸುಡದಷ್ಟು ಆರಿದ ಮೇಲೆಯೇ ಮೊದಲಿನದಕ್ಕೆ ವಾಪಸ್ ಬನ್ನಿ. ಒಂದೇ ಸಮನೆ ಬೆಸೆದರೆ ಬಾಗಿಲು ಹಪ್ಪಳದಂತೆ ಸೊಟ್ಟಗಾಗುತ್ತದೆ. ಗ್ಯಾಸ್ ವೆಲ್ಡಿಂಗ್‌ನ ಬಿಸಿ ಇನ್ನೂ ಅಗಲಕ್ಕೆ ಹರಡುವುದರಿಂದ ಅದು ಬೇಡವೇ ಬೇಡ. ದೊಡ್ಡ ತೂತಿಗೆ ಅಷ್ಟೇ ದಪ್ಪದ ತಗಡಿನ ಬಿಲ್ಲೆ ಕತ್ತರಿಸಿ ಕೂರಿಸಿ. ಕೈಗೆ ಸಿಕ್ಕಿತೆಂದು ಜಿಐ ಶೀಟು (ಸತು ಲೇಪಿಸಿದ ತಗಡು) ಬಳಸಬೇಡಿ. ಅದರ ಸತುವಿನ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ.

ವೆಲ್ಡಿಂಗ್ ಬೇಡವೆನ್ನುವವರು ಪೈಪಿನ ಸೋರಿಕೆಗೆ ಹಚ್ಚುವ ಎಪಾಕ್ಸಿ ಮುದ್ದೆ ತುಂಬುತ್ತಾರೆ. ಬಿಸಿಲಿಗೆ ತಗಡು ಹಿಗ್ಗಿ ಕುಗ್ಗುವಾಗ ಅದರ ಅಂಚು ಬಿಡುತ್ತದೆ, ಪೇಂಟಿನ ಮೇಲೆ ಉಂಗುರದ ಗುರುತು ಕಾಣುತ್ತದೆ. ದುಡ್ಡು ದಂಡ.

ವೆಲ್ಡನ್ನು ಗ್ರೈಂಡರ್‌ಗೆ ಹಾಕುವ, ಸ್ಯಾಂಡ್ ಪೇಪರ್ ಎಸಳುಗಳ ಫ್ಲ್ಯಾಪ್ ಡಿಸ್ಕ್‌ನಲ್ಲಿ ತಡೆತಡೆದು ಉಜ್ಜಿ. ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಅದು ಒಣಗಿದ ಮೇಲೆ ಸ್ವಲ್ಪ ಉಜ್ಜಿ, ಪುಟ್ಟಿಯನ್ನು ತೆಳ್ಳಗೆ ಎಳೆಯಿರಿ. 2 ಮಿ.ಮೀ. ದಾಟಿದರೆ ವೆಲ್ಡಿಂಗ್ ಸರಿಯಾಗಿಲ್ಲ ಎಂದೇ ಅರ್ಥ. ಪುಟ್ಟಿ ಗಟ್ಟಿಯಾಗಲು ಬೆರೆಸುವ ಹಾರ್ಡನರ್, ಡಬ್ಬಿಯಲ್ಲಿ ಹೇಳಿದಷ್ಟೇ ಇರಲಿ. ಬೇಗ ಗಟ್ಟಿಯಾಗಲೆಂದು ಸುಮ್ನೆ ಜಾಸ್ತಿ ಸುರಿದರೆ ಮೇಲಿನ ಪೇಂಟಿಗೆ ಕಲೆ ಬೀಳಬಹುದು. ಮರದ ತುಂಡಿಗೆ ಸ್ಯಾಂಡ್ ಪೇಪರ್ ಸುತ್ತಿ 80, 180, 320 ನಂಬರಿನ ಕ್ರಮದಲ್ಲಿ (ನಂಬರ್ ಹೆಚ್ಚಿದಷ್ಟೂ ನಯ) ಒಣಗಿದ್ದಾಗಲೇ ಉಜ್ಜಿ. ನೀರು ಹಾಕಿ ಉಜ್ಜುವ ಗ್ಯಾರೇಜಿನ ಅಭ್ಯಾಸ ಪುಟ್ಟಿಗೆ ಒಳ್ಳೆಯದಲ್ಲ. ನೀರೇನಿದ್ದರೂ ಕೊನೆಯ ಪೇಂಟಿಗೆ.

ಡೋರ್ ಪ್ಯಾಡ್ ಹಾಕುವ ಮುನ್ನ ಬೆಸೆದ ಜಾಗದ ಹಿಂಬದಿಗೂ ಪ್ರೈಮರ್ ಹೊಡೆದು, ತುಕ್ಕು ತಡೆಯುವ ಮೇಣ ಸಿಂಪಡಿಸಿ. ಬಾಗಿಲಿನ ತಳದಲ್ಲಿ ನೀರು ಹೋಗಲೆಂದು ಬಿಟ್ಟ ಕಿಂಡಿಗಳನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಬೇಡಿ.